ಬೆಳಕಿನ ಚಿಮುಟ

ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸಿದ್ದು ಸಮಾಜ ವಿಜ್ಞಾನ. 2005ರಲ್ಲಿ ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗ ಪರಮಾಣುವಿನ ಪಾಠ ನನ್ನ ಪಾಲಿಗೆ ಬಂತು. "ಒಂದೇ ಒಂದು ಪರಮಾಣು ಹಿಡಿದಿಡೋಕೆ ಆಗತ್ತಾ ಮಿಸ್?" ಎಂದಳು ಹಿಂದಿನ ಬೆಂಚಿನ ಹುಡುಗಿ. "ಅದೇನು ಸಾಸಿವೆ ಕಾಳೇ, ಎತ್ತಿಡೋಕೆ? ಯಾರಿಂದಲೂ ಆಗಲ್ಲ, ಕೂತ್ಕೋ" ಎಂದೆ. ತರಗತಿಯೆಲ್ಲ ನಕ್ಕಿತು. ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ.

ನನ್ನ ತಪ್ಪು ತಿಳಿದದ್ದು 2018ರಲ್ಲಿ, ಆರ್ಥರ್ ಆಶ್ಕಿನ್ ಎಂಬ 96 ವರ್ಷದ ಅಜ್ಜನಿಗೆ ನೊಬೆಲ್ ಬಂದ ಸುದ್ದಿ ಹಿಡಿದು ಓದುತ್ತಾ ಹೋದಾಗ. (ಅವರೊಂದಿಗೆ ಬಹುಮಾನ ಹಂಚಿಕೊಂಡ ಡೊನ್ನಾ ಸ್ಟ್ರಿಕ್ಲೆಂಡ್, ಭೌತವಿಜ್ಞಾನದಲ್ಲಿ ಅದನ್ನು ಪಡೆದ ಮೂರನೆಯ ಹೆಣ್ಣುಮಗಳು. 1901ರಿಂದ ಲೆಕ್ಕ ಹಾಕಿ, ನೋಡಿ!)

ಬೆಳಕು ತಾನು ಬಿದ್ದ ವಸ್ತುವನ್ನು ತಳ್ಳುತ್ತದೆ, ನಮ್ಮ ಅರಿವಿಗೆ ಬಾರದಷ್ಟು ಮೆಲ್ಲಗೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆಶ್ಕಿನ್ 1970ರಲ್ಲೇ ನೀರಿನಲ್ಲಿದ್ದ ಸೂಕ್ಷ್ಮ ಗುಂಡುಗಳನ್ನು ಲೇಸರಿನಿಂದ ಹಿಡಿದು ನಿಲ್ಲಿಸಿದ್ದರು. ಪರಮಾಣುವನ್ನೂ ಹಿಡಿಯುವ ಹಂಬಲ ಅವರದು. ಮೇಲಿನವರು ಆ ಕೆಲಸ ನಿಲ್ಲಿಸಿ ಎಂದರು, ನಾನು ಆ ಹುಡುಗಿಗೆ ಕೂತ್ಕೋ ಎಂದ ಹಾಗೆ.

ಪರಮಾಣು ಸೆಕೆಂಡಿಗೆ ನೂರಾರು ಮೀಟರು ಓಡುವಂಥದ್ದು. 1985ರಲ್ಲಿ ಅಲ್ಲಿಯೇ ಸ್ಟೀವನ್ ಚು ಮತ್ತು ಸಂಗಡಿಗರು ಆರು ದಿಕ್ಕಿನಿಂದ ಲೇಸರ್ ಹಾಯಿಸಿದರು. ಸೋಡಿಯಂ ಪರಮಾಣು ಯಾವ ಕಡೆ ಹೊರಟರೂ ಎದುರಿನಿಂದ ತಳ್ಳು. ಓಟ ತಗ್ಗಿತು, ಓಟ ತಗ್ಗುವುದೆಂದರೆ ತಣ್ಣಗಾಗುವುದೇ. ಮರುವರ್ಷ ಆಶ್ಕಿನ್ ಕೂಡ ಸೇರಿ, ಒಂದು ಬಿಂದುವಿಗೆ ಕೂಡಿಸಿದ ಬೆಳಕಿನಲ್ಲಿ ಅವನ್ನು ಹಿಡಿದರು.

ಆದರೂ ಅದು ಹಿಂಡು. ಬೆಳಕಿನ ಚಿಮುಟಕ್ಕೆ ಒಂಟಿ ಪರಮಾಣು ಸಿಕ್ಕಿದ್ದು ಫ್ರಾನ್ಸಿನ ಓರ್ಸೆಯಲ್ಲಿ, 2001ರಲ್ಲಿ. ಅಲ್ಲಿ ಬಿಂದುವನ್ನು ಎಷ್ಟು ಕಿರಿದು ಮಾಡಿದರೆಂದರೆ, ಎರಡು ರುಬಿಡಿಯಂ ಪರಮಾಣು ಹೊಕ್ಕರೆ ಒಂದಕ್ಕೊಂದು ಡಿಕ್ಕಿ ಹೊಡೆದು ಎರಡೂ ಹೊರಬೀಳುತ್ತಿದ್ದವು. ಇದ್ದರೆ ಒಂದು, ಇಲ್ಲದಿದ್ದರೆ ಒಂದೂ ಇಲ್ಲ. ನಾನು ತರಗತಿಯಲ್ಲಿ ಆಗಲ್ಲ ಎಂದಾಗ ಅದು ಆಗಿ ನಾಲ್ಕು ವರ್ಷ ಕಳೆದಿತ್ತು.

2018ರಲ್ಲಿ ಹಾರ್ವರ್ಡ್‌ನ ಕಾಂಗ್-ಕುಯೆನ್ ನಿ ಎಂಬಾಕೆಯ ತಂಡ ಬೇರೆ ಜಾತಿಯ ಎರಡನ್ನು ಹಿಡಿಯಿತು: ಒಂದು ಸೋಡಿಯಂ, ಒಂದು ಸೀಸಿಯಂ. ಒಂದಕ್ಕೆ ಕೆಂಪು ಬೆಳಕಿನ ಚಿಮುಟ, ಇನ್ನೊಂದಕ್ಕೆ ಕಣ್ಣಿಗೆ ಕಾಣದ ಅವಕೆಂಪಿನದು. ಮೆಲ್ಲಗೆ ಹತ್ತಿರ ತಂದು, ಒಂದೇ ಚಿಮುಟದಲ್ಲಿ ಕೂಡಿಸಿ, ಮತ್ತೊಂದು ಬೆಳಕು ಹಾಯಿಸಿ ಅವೆರಡನ್ನೂ ಒಂದು ಅಣುವಾಗಿಸಿದರು. ಅದನ್ನು ನಾನು ಮೂರು ಸಲ ಓದಿದೆ.

ಕಳೆದ ವರ್ಷ ಒಂದು ಮದುವೆಯಲ್ಲಿ ಆ ಹುಡುಗಿ ಸಿಕ್ಕಳು, ಕಂಕುಳಲ್ಲಿ ಮಗು. ಇದನ್ನೆಲ್ಲ ಹೇಳಿ, ತಪ್ಪಾಯ್ತಮ್ಮ ಎಂದೆ.

"ನಾನು ಕೇಳಿದ್ದೇನೋ ಮರೆತೇಹೋಗಿದೆ ಮಿಸ್," ಎಂದಳು. "ಎಲ್ಲರೂ ನಕ್ಕಿದ್ದು ನೆನಪಿದೆ."