ಜವಳಿ ಛಾಪಾ ಚೀಟಿ

ಗಿರಣಿ ಬಟ್ಟೆಯ ತಾನಿನ ಮೇಲೆ ಅಂಟಿಸುತ್ತಿದ್ದ ಬಣ್ಣದ ಚಿತ್ರಚೀಟಿ. ವ್ಯಾಪಾರದ ಮಾತಿನಲ್ಲಿ ಇದಕ್ಕೆ ಟಿಕೇಟು, ಟೀಕಾ, ಛಾಪ್ ಎಂಬ ಹೆಸರುಗಳಿವೆ. ಓದು ಬಾರದ ಗಿರಾಕಿಗೂ ಸರಕು ಯಾರದೆಂದು ತಿಳಿಸುವುದು ಇದರ ಕೆಲಸ.

ಹುಟ್ಟು: 19ನೆಯ ಶತಮಾನದ ಉತ್ತರಾರ್ಧದಲ್ಲಿ ಮ್ಯಾಂಚೆಸ್ಟರಿನಿಂದ ಭಾರತಕ್ಕೆ ಬರುತ್ತಿದ್ದ ಬಟ್ಟೆಯೊಡನೆ ಇದು ಹರಡಿತು. ಕಲ್ಲಚ್ಚಿನಲ್ಲಿ ಮುದ್ರಿಸಿದ ದೇವತೆಗಳು, ರಾಜರು, ಆನೆ, ಹುಲಿ ಇದರ ಮುಖ್ಯ ವಸ್ತುಗಳು. ರ್‍ಯಾಲಿ ಬ್ರದರ್ಸ್‌ನಂಥ ವರ್ತಕ ಸಂಸ್ಥೆಗಳೂ ಮುಂದೆ ಮುಂಬಯಿಯ ಸಸೂನ್ ಗಿರಣಿಗಳೂ ಇದನ್ನು ಬಳಸಿದವು.

ಕಾಲನಿರ್ಣಯ: ಬಹುಪಾಲು ಚೀಟಿಗಳಲ್ಲಿ ಇಸವಿ ಇರುವುದಿಲ್ಲ. ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ, ಮುದ್ರಕರ ಗುರುತು, ಲಿಪಿಗಳು, ಮುದ್ರಣವಿಧಾನ ಇವನ್ನು ಕೂಡಿಸಿ ನೋಡಬೇಕು. ಚೀಟಿಯಲ್ಲಿರುವ ಲಿಪಿ ಸರಕು ಯಾವ ಪೇಟೆಗೆ ಹೋಗುತ್ತಿತ್ತೆಂಬುದಕ್ಕೆ ಸುಳಿವು.  

ಮಾಟುಂಗ: ಮುಂಬಯಿಯ ಬಡಾವಣೆ; ಈ ಚೀಟಿಗಳ ಹಿಂದಿದ್ದ ಹತ್ತಿ ಉದ್ಯಮದ ವಿದ್ಯಾಕೇಂದ್ರ. 1887ರಲ್ಲಿ ಸ್ಥಾಪನೆಯಾದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ 1923ರಲ್ಲಿ ಇಲ್ಲಿಗೆ ಬಂತು. ಜವಳಿ ಶಿಕ್ಷಣ ಅದರ ಹಳೆಯ ವಿಭಾಗಗಳಲ್ಲೊಂದು. 1924ರಲ್ಲಿ ಆರಂಭವಾದ ಹತ್ತಿ ಪ್ರಯೋಗಾಲಯ ಇಂದು ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನ ಸಂಸ್ಥೆ.

ಸಂಗ್ರಹ: ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಲ್ಲಿ ಇಂಥ ಚೀಟಿಗಳ ದೊಡ್ಡ ಸಂಗ್ರಹವಿದೆ.