ಶಿವಮೊಗ್ಗದಲ್ಲಿ ಹುಟ್ಟಿದ ಡಾ. ಜೆರುಷಾ ಝಿರಾಡ್

ಹೆರಿಗೆ ಮತ್ತು ಸ್ತ್ರೀರೋಗ ವೈದ್ಯಶಾಸ್ತ್ರದ ಕಲಿಕೆಯನ್ನು ಭಾರತದಲ್ಲಿ ಮುನ್ನಡೆಸಿದ ಮೊದಲ ತಲೆಮಾರಿನ ವೈದ್ಯೆಯರಲ್ಲಿ ಡಾ. ಜೆರುಷಾ ಝಿರಾಡ್ ಒಬ್ಬರು. ಅವರು ಹುಟ್ಟಿದ್ದು 1890ರ ಆಸುಪಾಸಿನಲ್ಲಿ, ಆಗಿನ ಮೈಸೂರು ಸಂಸ್ಥಾನದ ಶಿವಮೊಗ್ಗದಲ್ಲಿ. ಹೆಸರು ಕೇಳಿದರೆ ಮಲೆನಾಡಿನ ನಂಟು ಯಾರಿಗೂ ಹೊಳೆಯದು. ಝಿರಾಡರದು ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯ. ಶತಮಾನಗಳ ಕಾಲ ಕೊಂಕಣದ ಕರಾವಳಿಯಲ್ಲಿ ನೆಲೆಸಿದ್ದ ಈ ಜನ ಮರಾಠಿಯನ್ನೇ ಮನೆಮಾತು ಮಾಡಿಕೊಂಡಿದ್ದರು. ಎಣ್ಣೆ ಗಾಣ ಅವರ ಕಸುಬು. ಶನಿವಾರ ಮಾತ್ರ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು 'ಶನಿವಾರ ತೇಲಿ'ಗಳೆಂದು ಕರೆಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಪಲ್ಟನ್, ರೈಲ್ವೆ, ಸರ್ಕಾರಿ ಕಚೇರಿಗಳ ನೌಕರಿ ಹಿಡಿದು ಅವರಲ್ಲಿ ಹಲವರು ಕೊಂಕಣದಿಂದ ಹೊರಗೆ ಚದುರಿದರು.

ಅಂದಿನ ಶಿವಮೊಗ್ಗ ಇನ್ನೂ ರೈಲು ಕಾಣದ ಊರು. ಬೀರೂರಿನಿಂದ ಅಲ್ಲಿಗೆ ಹಳಿ ಬಂದದ್ದು 1899ರಲ್ಲಿ. ಮಲೆನಾಡಿನ ಜಯಪುರ, ಕೊಪ್ಪ, ಶೃಂಗೇರಿಗಳು ಆಗ ಕಡೂರು ಜಿಲ್ಲೆಗೆ ಸೇರಿದ್ದವು. ಆ ಕಡೆಯವರಿಗೆ ತೀರ್ಥಹಳ್ಳಿ ಹಾದು ಶಿವಮೊಗ್ಗ ತಲುಪುವುದೆಂದರೆ ಎತ್ತಿನ ಗಾಡಿಯ ದಾರಿ, ಮಳೆಗಾಲದಲ್ಲಿ ಅದೂ ಕಷ್ಟ. ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ಸೂಲಗಿತ್ತಿಯ ಕೈಯಲ್ಲಿ. ಸೂಲಗಿತ್ತಿಯರಲ್ಲಿ ಕೈಗುಣದವರು ಇದ್ದರು ಎಂಬುದು ನಿಜ. ಆದರೆ ನಂಜು ಏರಿದ ಮೇಲೆ, ರಕ್ತಸ್ರಾವ ನಿಲ್ಲದೆ ಹೋದ ಮೇಲೆ ಅವರ ಬಳಿ ಉಪಾಯವಿರಲಿಲ್ಲ. ಅದಕ್ಕಿಂತ ಮೊದಲೇ ಮಲೆನಾಡಿನ ಚಳಿಜ್ವರ ಬಸುರಿಯ ರಕ್ತವನ್ನು ಹೀರಿರುತ್ತಿತ್ತು. ಜ್ವರಗಡ್ಡೆ ಎಂಬ ಮಾತು ಈ ಸೀಮೆಯ ಹಳಬರ ಬಾಯಲ್ಲಿ ಉಳಿದಿರುವುದು ಸುಮ್ಮನೆ ಅಲ್ಲ. ಮಲೇರಿಯಾದಿಂದ ಊದಿಕೊಂಡ ಗುಲ್ಮಕ್ಕೆ ಜನ ಇಟ್ಟ ಹೆಸರು ಅದು.

ಝಿರಾಡ್ ಬೆಳೆದದ್ದು, ಓದಿದ್ದು ಪುಣೆಯಲ್ಲಿ. ವೈದ್ಯೆಯಾಗಬೇಕೆಂಬ ಹಂಬಲ ಹುಟ್ಟಿದ್ದು ಮಾತ್ರ ಮುಂಬಯಿಯ ಕಾಮಾ ಆಸ್ಪತ್ರೆಯಿಂದ. ಒಡಹುಟ್ಟಿದವಳೊಬ್ಬಳು ತೀವ್ರ ಕಾಯಿಲೆ ಬಿದ್ದು ಅಲ್ಲಿ ಗುಣವಾಗಿದ್ದಳು. ಪಾರ್ಸಿ ದಾನಿ ಪೆಸ್ತನ್‌ಜಿ ಹೊರ್ಮಸ್‌ಜಿ ಕಾಮಾ ಅವರ ಹಣದಿಂದ 1886ರಲ್ಲಿ ತೆರೆದ ಈ ಆಸ್ಪತ್ರೆಯಲ್ಲಿ ರೋಗಿಗಳೂ ಹೆಂಗಸರೇ, ವೈದ್ಯರೂ ಹೆಂಗಸರೇ. ಗಂಡಸು ವೈದ್ಯ ನಾಡಿ ಹಿಡಿಯುವುದನ್ನೂ ಒಪ್ಪದ ಮನೆತನಗಳು ತಮ್ಮ ಹೆಣ್ಣುಮಕ್ಕಳನ್ನು ಅಲ್ಲಿಗೆ ಧೈರ್ಯವಾಗಿ ಕಳಿಸುತ್ತಿದ್ದವು. ಅದರ ಮೊದಲ ಮುಖ್ಯಸ್ಥೆ ಈಡಿತ್ ಪೀಚೆ, ವೈದ್ಯಕೀಯ ಓದಲು ಎಡಿನ್‌ಬರೋ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದ ಏಳು ಹೆಂಗಸರಲ್ಲಿ ಒಬ್ಬರು. ಝಿರಾಡ್ ಹುಡುಗಿಯಾಗಿದ್ದಾಗ ಆ ಸ್ಥಾನದಲ್ಲಿದ್ದವರು ಆನೆಟ್ ಬೆನ್ಸನ್. ಭಾರತದ ವೈದ್ಯೆಯರು 1907ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಾಗ ಬೆನ್ಸನ್ ಅದರ ಮುಂಚೂಣಿಯಲ್ಲಿದ್ದರು.

ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು 1883ರಿಂದಲೇ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿತ್ತು. ಝಿರಾಡ್ ಅಲ್ಲಿ ಓದಿ 1912ರಲ್ಲಿ ಎಲ್‌ಎಂಎಸ್ ಪದವಿ ಪಡೆದರು. ಆದರೆ ಪದವಿ ಬೇರೆ, ಹುದ್ದೆ ಬೇರೆ. ಹೆಂಗಸರ ಆಸ್ಪತ್ರೆಗಳ ಮೇಲಿನ ಹುದ್ದೆಗಳು ಬ್ರಿಟನ್ನಿನ ಪದವಿ ಇದ್ದವರಿಗೇ ಸಲ್ಲುತ್ತಿದ್ದವು. ಇಲ್ಲಿ ಕಲಿತವರು ಅವರ ಕೈಕೆಳಗೆ ದುಡಿಯಬೇಕಿತ್ತು. ಮೇಲೆ ಹತ್ತಬೇಕಾದರೆ ಸಮುದ್ರ ದಾಟಬೇಕು, ಅದಕ್ಕೆ ದುಡ್ಡು ಬೇಕು. ವಿದೇಶದಲ್ಲಿ ವೈದ್ಯಕೀಯ ಓದಲು ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದ ಮೊದಲ ಮಹಿಳೆ ಝಿರಾಡ್. 1914ರಲ್ಲಿ ಅವರು ಲಂಡನ್ನಿನ ಹೆಂಗಸರ ವೈದ್ಯಕೀಯ ಶಾಲೆ ಸೇರಿದರು. ಅದು ಸೋಫಿಯಾ ಜೆಕ್ಸ್-ಬ್ಲೇಕ್ 1874ರಲ್ಲಿ ಕಟ್ಟಿದ ಶಾಲೆ. ಬಾಲ್ಯವಿವಾಹದ ಮೊಕದ್ದಮೆಯಿಂದ ದೇಶದಲ್ಲೆಲ್ಲ ಹೆಸರಾದ ರುಖಮಾಬಾಯಿ ಕೂಡ ಅಲ್ಲೇ ಓದಿದ್ದರು.

ಅದೇ ವರ್ಷ ಮಹಾಯುದ್ಧ ಶುರುವಾಯಿತು. ಗಂಡಸು ವೈದ್ಯರು ರಣರಂಗಕ್ಕೆ ಹೋದದ್ದರಿಂದ ಲಂಡನ್ನಿನ ಆಸ್ಪತ್ರೆಗಳಲ್ಲಿ ಹೆಂಗಸರಿಗೆ ಜಾಗ ಸಿಕ್ಕಿತು. ಯುದ್ಧ ಮುಗಿದ ಮೇಲೆ ಕೆಲವು ಆಸ್ಪತ್ರೆಗಳು ಆ ಬಾಗಿಲನ್ನು ಮತ್ತೆ ಮುಚ್ಚಿದವು. ಝಿರಾಡರ ಪಾಲಿಗೆ ಕಾಲ ಕೂಡಿಬಂದಿತ್ತು. ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಕೈ ಪಳಗಿಸಿಕೊಂಡು, 1919ರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಷಯದಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂಡಿ ಪಡೆದರು. ಭಾರತೀಯ ಮಹಿಳೆಯೊಬ್ಬರಿಗೆ ಆ ಪದವಿ ಸಂದದ್ದು ಅದೇ ಮೊದಲು.

ಮರಳಿ ಬಂದವರು ಕೆಲಕಾಲ ದಿಲ್ಲಿಯಲ್ಲಿದ್ದರು. 1916ರಲ್ಲಿ ಹೆಂಗಸರಿಗೆಂದೇ ತೆರೆದ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜು ಆಗ ಹೊಸದು. ಬಳಿಕ ಬೆಂಗಳೂರಿನ ಹೆರಿಗೆ ಆಸ್ಪತ್ರೆಗೆ ಬಂದರು. ಹುಟ್ಟಿದ ಸಂಸ್ಥಾನದಲ್ಲಿ ಅವರು ದುಡಿದದ್ದು ಇದೊಂದು ಅವಧಿಯಲ್ಲಿ, ಅದೂ ಹೆಚ್ಚು ಕಾಲವಲ್ಲ. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. ವಾಣಿವಿಲಾಸ ಆಸ್ಪತ್ರೆ ತೆರೆದದ್ದು 1935ರಲ್ಲಿ. ಸಂಸ್ಥಾನದ ವೈದ್ಯಕೀಯ ಶಿಕ್ಷಣ ಇನ್ನೂ ಕಣ್ಣು ಬಿಡುತ್ತಿದ್ದ ಹೊತ್ತಿನಲ್ಲಿ ಝಿರಾಡ್ ಮುಂಬಯಿಗೆ ಹೊರಟುಹೋದರು. ಸಂಸ್ಥಾನಕ್ಕೆ ಅದು ನಷ್ಟವೆಂದೇ ಹೇಳಬೇಕು.

ಕಾಮಾ ಆಸ್ಪತ್ರೆಯಲ್ಲಿ ಮೊದಲು ಗೌರವ ಶಸ್ತ್ರವೈದ್ಯೆಯಾಗಿದ್ದ ಅವರು 1920ರ ದಶಕದ ಕೊನೆಯಲ್ಲಿ ಅದರ ಮುಖ್ಯಸ್ಥೆಯಾದರು. ಪೀಚೆ, ಬೆನ್ಸನ್ ಕೂತಿದ್ದ ಕುರ್ಚಿಯಲ್ಲಿ 1947ರವರೆಗೆ ಇದ್ದರು. ಆ ಕಾಲದಲ್ಲಿ ಅಂಥ ಆಸ್ಪತ್ರೆಯ ಮುಖ್ಯಸ್ಥೆಯೆಂದರೆ ಬರೀ ಆಡಳಿತಗಾರ್ತಿಯಲ್ಲ. ವೈದ್ಯಕೀಯದಲ್ಲಿ ಪಾಠದ ಕೋಣೆಯ ಪಾಲು ಅರ್ಧ ಮಾತ್ರ. ಉಳಿದರ್ಧ ವಾರ್ಡಿನಲ್ಲಿ, ರಾತ್ರಿಪಾಳಿಯಲ್ಲಿ, ಹಿರಿಯರ ಪಕ್ಕದಲ್ಲಿ ನಿಂತು ಆಗುವ ಕಲಿಕೆ. ಅಡ್ಡಬಿದ್ದ ಕೂಸನ್ನು ತಿರುಗಿಸುವುದನ್ನು, ಚಿಮಟ ಹಾಕುವ ಹೊತ್ತು ಯಾವುದೆಂದು ಗುರುತಿಸುವುದನ್ನು ಪುಸ್ತಕ ಓದಿ ಕಲಿಯಲಾಗದು. ಗಂಡು ಹುಡುಗರೇ ತುಂಬಿದ್ದ ಕಾಲೇಜುಗಳಲ್ಲಿ ಹುಡುಗಿಯರಿಗೆ ಈ ಅಭ್ಯಾಸ ಸಿಗುವುದು ಸುಲಭವಿರಲಿಲ್ಲ. ಹೆಂಗಸರೇ ನಡೆಸುವ ಆಸ್ಪತ್ರೆ ಆ ಕೊರತೆ ತುಂಬುವ ಜಾಗ.

ಅದೇ ವರ್ಷಗಳಲ್ಲಿ ಹೆರಿಗೆಯ ಕಲಿಕೆ ಭಾರತದ ವೈದ್ಯಕೀಯ ಪದವಿಗಳ ಮಾನದ ಪ್ರಶ್ನೆಯೇ ಆಗಿಬಿಟ್ಟಿತು. ಇಲ್ಲಿನ ಪದವಿಗೆ ಬ್ರಿಟನ್ನಿನಲ್ಲಿ ಮಾನ್ಯತೆ ಕೊಡುತ್ತಿದ್ದುದು ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್. ಭಾರತದ ವಿದ್ಯಾರ್ಥಿಗಳು ಸಾಕಷ್ಟು ಹೆರಿಗೆಗಳನ್ನು ಸ್ವತಃ ಮಾಡಿಸದೆ ಪಾಸಾಗುತ್ತಾರೆ ಎಂಬುದು 1920ರ ದಶಕದಲ್ಲಿ ಅದರ ಮುಖ್ಯ ಆಕ್ಷೇಪವಾಯಿತು. ಆಕ್ಷೇಪದಲ್ಲಿ ಹುರುಳಿತ್ತು: ಆಸ್ಪತ್ರೆಗೆ ಹೆರಿಗೆಗೆ ಬರುವವರೇ ಕಡಿಮೆ, ಬಂದವರೂ ಗಂಡು ವಿದ್ಯಾರ್ಥಿಯನ್ನು ಹತ್ತಿರ ಬಿಡುತ್ತಿರಲಿಲ್ಲ. ಆದರೆ ಪರಿಶೀಲನೆಗೆ ಇಂಗ್ಲೆಂಡಿನಿಂದಲೇ ಅಧಿಕಾರಿ ನೇಮಿಸುವ ಪಟ್ಟು ಇಲ್ಲಿನ ವೈದ್ಯರನ್ನು ಕೆರಳಿಸಿತು. ಜಗ್ಗಾಟ ಬೆಳೆದು 1930ರಲ್ಲಿ ಭಾರತದ ಪದವಿಗಳು ಮಾನ್ಯತೆ ಕಳೆದುಕೊಂಡವು. ದೇಶಕ್ಕೆ ತನ್ನದೇ ಕೌನ್ಸಿಲ್ ಬೇಕೆಂಬ ಮಾತಿಗೆ ಬಲ ಬಂದು, 1933ರ ಕಾಯಿದೆಯಂತೆ ಭಾರತೀಯ ವೈದ್ಯಕೀಯ ಪರಿಷತ್ತು ಹುಟ್ಟಿತು. ಈ ಗದ್ದಲದ ನಡುವೆ ಹೆರಿಗೆ ಆಸ್ಪತ್ರೆಯ ಒಂದೊಂದು ಹಾಸಿಗೆಗೂ ಎರಡು ಬೆಲೆ: ಒಂದು ಬಸುರಿಯ ಜೀವದ್ದು, ಇನ್ನೊಂದು ಮುಂದಿನ ವೈದ್ಯೆಯ ಕಲಿಕೆಯದು. ಅಂಥ ಹಾಸಿಗೆಗಳ ಹೊಣೆ ಝಿರಾಡರ ಮೇಲಿತ್ತು.

ಬಾಣಂತಿಯರು ಯಾಕೆ ಸಾಯುತ್ತಾರೆ ಎಂಬುದನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಿ ನೋಡಿದವರಲ್ಲಿ ಅವರು ಮೊದಲಿಗರ ಸಾಲಿನವರು. ಮುಂಬಯಿ ನಗರದ ತಾಯಂದಿರ ಸಾವಿನ ಕಾರಣಗಳ ಕುರಿತ ಅವರ ತನಿಖಾ ವರದಿ 1941ರಲ್ಲಿ ಸರ್ಕಾರಿ ಪ್ರಕಟಣೆಯಾಗಿ ಹೊರಬಂತು. ನಂಜು, ರಕ್ತಸ್ರಾವಗಳು ಎಲ್ಲ ದೇಶಗಳಲ್ಲೂ ಕೊಲ್ಲುತ್ತಿದ್ದವು. ಭಾರತದಲ್ಲಿ ಅವುಗಳ ಜೊತೆಗೆ ರಕ್ತಹೀನತೆಯೂ ಇತ್ತು. ಲಂಡನ್ನಿನ ಅದೇ ಶಾಲೆಯಲ್ಲಿ ಕಲಿತ ಲೂಸಿ ವಿಲ್ಸ್ 1928ರಿಂದ ಮುಂಬಯಿಯಲ್ಲಿ ಗಿರಣಿ ಕೆಲಸದ ಬಸುರಿಯರ ರಕ್ತಹೀನತೆಯ ಬೆನ್ನು ಹತ್ತಿದ್ದರು. ಈಸ್ಟಿನ ಸಾರ ಕೊಟ್ಟರೆ ಅದು ವಾಸಿಯಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕಬ್ಬಿಣಾಂಶದ ಜೊತೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯ ಮೂಲ ಅಲ್ಲಿದೆ.

1945ರಲ್ಲಿ ಝಿರಾಡರಿಗೆ ಎಂಬಿಇ ಎಂಬ ಬ್ರಿಟಿಷ್ ಗೌರವ ಸಂದಿತು. 1947ರಲ್ಲಿ ಲಂಡನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ಅವರನ್ನು ಫೆಲೋ ಆಗಿ ಸ್ವೀಕರಿಸಿತು. ಆನೆಟ್ ಬೆನ್ಸನ್ ಕಾಲದಲ್ಲಿ ಬ್ರಿಟಿಷ್ ವೈದ್ಯೆಯರು ಮುನ್ನಡೆಸುತ್ತಿದ್ದ ವೈದ್ಯೆಯರ ಸಂಘದ ಅಧ್ಯಕ್ಷ ಸ್ಥಾನ ಸ್ವಾತಂತ್ರ್ಯಾನಂತರ ಅವರ ಪಾಲಿಗೆ ಬಂತು. 1950ರಲ್ಲಿ ಮದ್ರಾಸಿನಲ್ಲಿ ಊರೂರಿನ ಪ್ರಸೂತಿ ತಜ್ಞರ ಸಂಘಗಳು ಒಂದಾಗಿ ಫಾಗ್ಸಿ ಎಂಬ ಒಕ್ಕೂಟವಾದಾಗ ಅದನ್ನು ಕಟ್ಟಿದವರಲ್ಲಿ ಅವರೂ ಇದ್ದರು. ಇವತ್ತು ಕರ್ನಾಟಕದ ಪ್ರಸೂತಿ ತಜ್ಞರ ಸ್ಥಳೀಯ ಸಂಘಗಳೂ ಈ ಒಕ್ಕೂಟದ ಅಂಗಗಳೇ.

ಆಸ್ಪತ್ರೆಯ ಹೊರಗೂ ಅವರು ಸುಮ್ಮನೆ ಕೂತವರಲ್ಲ. ಲಂಡನ್ನಿನಲ್ಲಿದ್ದಾಗ ಪರಿಚಯವಾದ ಉದಾರ ಯಹೂದಿ ಪಂಥದ ವಿಚಾರಗಳನ್ನು ತಂದು 1925ರಲ್ಲಿ ಮುಂಬಯಿಯಲ್ಲಿ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಸ್ಥಾಪಿಸಿದರು. 1966ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. 1984ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಗೆ ಹೊಂದಿಕೊಂಡು ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಲು ಅಲ್ಲಿಂದ ಮುಂದೆ ಇನ್ನೂ ಎರಡು ದಶಕ ಹಿಡಿಯಿತು. ಅದುವರೆಗೆ ಜಯಪುರದ ಕಡೆಯ ಹುಡುಗಿ ಡಾಕ್ಟರ್ ಓದಬೇಕೆಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇಲ್ಲವೆ ಮೈಸೂರು, ಬೆಂಗಳೂರು, ಹುಬ್ಬಳ್ಳಿಯಂಥ ಬೇರೆ ಊರಿಗೋ ಹೋಗಬೇಕಿತ್ತು.