ಪಶುವೈದ್ಯ ಪದವಿಯಿಂದ ಸಂಶೋಧನಾಲಯದವರೆಗೆ

ಸಂಪಾಜೆ: ಮಡಿಕೇರಿ ಘಟ್ಟದ ಬುಡದಲ್ಲಿರುವ ಸಂಪಾಜೆಯಂತಹ ಕಾಡಂಚಿನ ಊರುಗಳಲ್ಲಿ ಮಂಗ ಸತ್ತು ಬಿದ್ದರೆ ಅದು ಅರಣ್ಯ ಇಲಾಖೆಗಷ್ಟೇ ಸಂಬಂಧಿಸಿದ ವಿಷಯವಲ್ಲ. ಶವಪರೀಕ್ಷೆ ನಡೆಸಿ ಮಾದರಿ ತೆಗೆಯುವವರು ಪಶುವೈದ್ಯರು. ಆ ಮಾದರಿಯಿಂದ ವೈರಾಣು ಗುರುತಿಸಿ ಲಸಿಕೆ ರೂಪಿಸುವವರು ಜೀವವೈದ್ಯಕೀಯ ಸಂಶೋಧಕರು. ಎರಡೂ ವಿದ್ಯೆಗಳನ್ನು ಒಬ್ಬರೇ ಕಲಿಯಲು ಸಾಧ್ಯವಿದೆ. ಆದರೆ ದಾರಿ ದೀರ್ಘವಾದುದು.

ಮಂಗನ ಕಾಯಿಲೆಯ ಪಾಠ

ಈ ಎರಡು ವಿದ್ಯೆಗಳ ನಂಟಿಗೆ ರಾಜ್ಯದಲ್ಲೇ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ, ಪುಣೆಯ ವೈರಾಣು ಸಂಶೋಧನಾ ಕೇಂದ್ರದ ತಜ್ಞರು ಉಣುಗುಗಳಿಂದ ಹರಡುವ ಹೊಸ ವೈರಾಣುವನ್ನು ಪತ್ತೆ ಹಚ್ಚಿದರು. ಮನುಷ್ಯರಿಗೆ ನೀಡುವ ಇದರ ಲಸಿಕೆ ಬಹುಕಾಲ ತಯಾರಾದದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಅದನ್ನು ಸಿದ್ಧಪಡಿಸಲಾಗುತ್ತಿತ್ತು. ಪರಿಣಾಮ ಕುಗ್ಗಿದ್ದರಿಂದ 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಯ ಪ್ರಯತ್ನದಲ್ಲೂ ಪ್ರಾಣಿ ಮತ್ತು ಮನುಷ್ಯ ಇಬ್ಬರ ರೋಗವನ್ನೂ ಬಲ್ಲವರ ಅಗತ್ಯವಿದೆ.

ಶಿಕ್ಷಣದ ಹಂತಗಳು

ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿಯ ಅವಧಿ ಐದೂವರೆ ವರ್ಷ. ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಬೀದರ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಬೀದರ್, ಹೆಬ್ಬಾಳ, ಹಾಸನ, ಶಿವಮೊಗ್ಗ ಮೊದಲಾದೆಡೆ ಕಾಲೇಜುಗಳಿವೆ. ಬಳಿಕ ರೋಗಲಕ್ಷಣಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಶಸ್ತ್ರಚಿಕಿತ್ಸೆ ಇತ್ಯಾದಿ ವಿಷಯಗಳಲ್ಲಿ ಎರಡು ವರ್ಷಗಳ ಎಂ.ವಿ.ಎಸ್ಸಿ., ನಂತರ ಕನಿಷ್ಠ ಮೂರು ವರ್ಷಗಳ ಪಿಎಚ್.ಡಿ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ತಜ್ಞ ತರಬೇತಿ ಮತ್ತು ಪಿಎಚ್.ಡಿ.ಯನ್ನು ಒಂದೇ ಕಾರ್ಯಕ್ರಮದಲ್ಲಿ ಜೋಡಿಸಿವೆ. ನಮ್ಮಲ್ಲಿ ಸಾಮಾನ್ಯವಾಗಿ ಒಂದೊಂದೇ ಮೆಟ್ಟಿಲು ಹತ್ತಬೇಕು.

ಆಯ್ಕೆಯ ಬೆಲೆ

ಸರ್ಕಾರಿ ಪಶುವೈದ್ಯಾಧಿಕಾರಿ ಹುದ್ದೆಗೆ ಪದವಿಯೇ ಸಾಕು. ಸಹಪಾಠಿಗಳು ಸಂಬಳ ಎಣಿಸುವಾಗ ಸಂಶೋಧನಾರ್ಥಿ ಐದಾರು ವರ್ಷ ಫೆಲೋಶಿಪ್‌ನಲ್ಲಿ ದಿನ ದೂಡಬೇಕು. ಅನೇಕರು ಈ ಹಂತದಲ್ಲೇ ಹಿಂದೆ ಸರಿಯುತ್ತಾರೆ. ಮುಂದುವರಿದವರಿಗೆ ಯಲಹಂಕದ ನಿವೇದಿ, ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಬೆಂಗಳೂರು ಕೇಂದ್ರ, ಲಸಿಕೆ ಕಂಪನಿಗಳು ಹಾಗೂ ಔಷಧ ಸುರಕ್ಷತೆ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಅವಕಾಶವಿದೆ. ಎಂ.ವಿ.ಎಸ್ಸಿ.ಗೆ ಆರಿಸುವ ವಿಷಯವೇ ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುವುದರಿಂದ ಇಂಟರ್ನ್‌ಶಿಪ್ ವೇಳೆಯಲ್ಲೇ ಪ್ರಯೋಗಾಲಯದ ಕೆಲಸವನ್ನು ಹತ್ತಿರದಿಂದ ನೋಡುವುದು ಒಳಿತು.

ಬಂಡೀಪುರದಲ್ಲಿ 2012ರಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಕೆಲವರಿಗೇ ಸೋಂಕು ತಗುಲಿತ್ತು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸುವುದು ಎಲ್ಲರ ಹೊಣೆ. ಮುಂದಿನ ಕೆಲಸಕ್ಕೆ ತರಬೇತಿ ಪಡೆದ ಕೈಗಳೇ ಬೇಕು.